ಬಳೆ ಹಾಕಿದ್ದೀರಾ?

ನನಗೆ ಐವತ್ತು ತುಂಬಿದ ವಾರ ತಮ್ಮ ನನ್ನ ಕಾರಿಗೆ ಹೊಸ ಚಕ್ರ, ಹೊಸ ಟೈರು ಹಾಕಿಕೊಟ್ಟ. ಅದೇ ವಾರ ನನ್ನ ಕೈ ನಡುಗತೊಡಗಿತು. ಇವೆರಡಕ್ಕೂ ಸಂಬಂಧ ಇದೆಯೋ ಇಲ್ಲವೋ ಎಂದು ತಿಳಿಯಲು ಮೂರು ವಾರ ಹಿಡಿಯಿತು. ಕೊನೆಗೂ ತಿಳಿಸಿಕೊಟ್ಟವರು ಮೆಕ್ಯಾನಿಕ್ಕೂ ಅಲ್ಲ, ಡಾಕ್ಟರೂ ಅಲ್ಲ, ಶಾಲೆಯಲ್ಲಿ ವ್ಯಾಕರಣ ಹೇಳಿಕೊಡುತ್ತಿದ್ದ ಒಬ್ಬ ಮೇಷ್ಟ್ರು.

ನಾನು ಕಾರು ಓಡಿಸುವವಳು. ಕಾರು ನನ್ನದು, ಬಾಗಿಲಿಗೆ ಅಂಟಿಸಿರುವ ಹೆಸರು ಆಸ್ಪತ್ರೆಯದು. ಕಿಡ್ನಿ ಕೈಕೊಟ್ಟವರನ್ನು ಮನೆಯಿಂದ ಹತ್ತಿಸಿಕೊಂಡು, ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಓಡಿಸಿ ಡಯಾಲಿಸಿಸ್ಸಿಗೆ ಬಿಡುವುದು, ನಾಲ್ಕು ಗಂಟೆ ಕಾಯುವುದು, ಮತ್ತೆ ಮನೆ ಸೇರಿಸುವುದು. ಹೋಗುವಾಗ ಅವರು ಊದಿಕೊಂಡಿರುತ್ತಾರೆ, ಬರುವಾಗ ಹಿಂಡಿದ ಬಟ್ಟೆಯಂತಿರುತ್ತಾರೆ. ಬರುವ ದಾರಿಯಲ್ಲಿ ಅವರಿಗೆ ನಿದ್ದೆ ಹತ್ತಬೇಕು. ನಿದ್ದೆ ಹತ್ತಿತು ಎಂದರೆ ನಾನು ಚೆನ್ನಾಗಿ ಓಡಿಸಿದೆ ಎಂದರ್ಥ. ಹದಿನಾಲ್ಕು ವರ್ಷಗಳಿಂದ ನನಗೆ ಇದಕ್ಕಿಂತ ದೊಡ್ಡ ಶಹಬ್ಬಾಸ್‌ಗಿರಿ ಬೇಕಾಗಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲೂ ಆಸ್ಪತ್ರೆಯಲ್ಲೂ ಹೇಳುತ್ತಾರೆ. ಇರಬಹುದು. ಆದರೆ ಆ ಕೋಪ ಮೂಗಿನಿಂದ ಕಾಲಿನವರೆಗೆ ಇಳಿದು ಆಕ್ಸಿಲರೇಟರ್ ತುಳಿದದ್ದು ಒಂದು ದಿನವೂ ಇಲ್ಲ.

ಅಮ್ಮ, ನಾನು, ತಮ್ಮ, ಮೂವರದೂ ಒಂದೇ ಮನೆ. ಮನೆಯ ಮುಂದಿನ ಶೆಡ್ಡು ತಮ್ಮನ ಟೈರ್ ಅಂಗಡಿ. ಇಪ್ಪತ್ತು ವರ್ಷ ಕಂಡವರ ಗ್ಯಾರೇಜಿನಲ್ಲಿ ದುಡಿದು ಈಗಷ್ಟೇ ಸ್ವಂತಕ್ಕೆ ತೆರೆದಿದ್ದ. ಚಕ್ರದ ತೂಕ ಸರಿಮಾಡುವ ಬ್ಯಾಲೆನ್ಸಿಂಗ್ ಯಂತ್ರವನ್ನು ಹೊಸ ಮದುಮಗಳನ್ನು ನೋಡುವಂತೆ ನೋಡುತ್ತಿದ್ದ. ಅಂಗಡಿಯ ಮೊದಲ ಕೆಲಸ ಅಕ್ಕನ ಕಾರೇ ಆಗಬೇಕೆಂದು, ತುಕ್ಕು ಹಿಡಿದಿದ್ದ ನನ್ನ ಹಳೆಯ ಚಕ್ರಗಳನ್ನು ಕಿತ್ತೆಸೆದು, ದೂರದ ಊರಿನಿಂದ ತರಿಸಿದ ಹೊಳೆಯುವ ಅಲಾಯ್ ಚಕ್ರಗಳನ್ನು ಕೂರಿಸಿದ. ನನ್ನ ಕಣ್ಣು ತುಂಬಿ ಬಂತು. ಅವನಿಗೆ ಕಾಣದಿರಲಿ ಎಂದು, ನಟ್ಟು ಬಿಗಿಯಾಗಿದೆಯೇನೋ ಎಂದು ಬೈದೆ.

ಮರುದಿನ ಹೆದ್ದಾರಿಗೆ ಹತ್ತಿದಾಗಲೇ ಗೊತ್ತಾಯಿತು. ಎಪ್ಪತ್ತರವರೆಗೆ ಕಾರು ಬೆಣ್ಣೆ. ಎಂಬತ್ತು ಮುಟ್ಟಿದ್ದೇ ತಡ, ಸ್ಟೇರಿಂಗ್ ಚಳಿ ಹಿಡಿದವರ ಹಾಗೆ ನಡುಗಿತು. ತೊಂಬತ್ತೈದು ದಾಟಿದರೆ ಅಡಗುತ್ತಿತ್ತೇನೋ, ಆದರೆ ರೋಗಿಗಳಿದ್ದಾಗ ತೊಂಬತ್ತು ದಾಟಬಾರದೆಂದು ಆಸ್ಪತ್ರೆಯ ನಿಯಮ. ಹಾಗಾಗಿ ಆ ನಡುಕದಲ್ಲೇ ನನ್ನ ವಾಸ. ಇಳಿದ ಮೇಲೂ ಅಂಗೈ ಜುಮುಗುಟ್ಟುತ್ತಿತ್ತು, ಬೆರಳುಗಳು ನನ್ನ ಮಾತು ಕೇಳುತ್ತಿರಲಿಲ್ಲ.

"ಬ್ಯಾಲೆನ್ಸ್ ಹೋಗಿರುತ್ತೆ ಬಿಡು," ಎಂದ ತಮ್ಮ. ನಾಲ್ಕೂ ಚಕ್ರ ಬಿಚ್ಚಿ ಒಂದೊಂದನ್ನೇ ಯಂತ್ರಕ್ಕೆ ಏರಿಸಿದ. ಪರದೆಯ ಮೇಲೆ ಎರಡೂ ಕಡೆ ಸೊನ್ನೆ. "ನೋಡಕ್ಕ, ಸೊನ್ನೆ ಅಂದ್ರೆ ನೂರಕ್ಕೆ ನೂರು." ಮರುದಿನ ನಡುಕ ಇನ್ನೂ ಹೆಚ್ಚಿತ್ತು. ಮುಂದಿನ ಚಕ್ರ ಹಿಂದಕ್ಕೆ ಹಾಕಿದ, ನಡುಕ ಕಡಿಮೆಯಾಯಿತು. ಖುಷಿಪಟ್ಟು ಮತ್ತೊಮ್ಮೆ ಬಿಚ್ಚಿ ನಟ್ಟುಗಳಿಗೆ ಎಣ್ಣೆ ಒರೆಸಿ ಹಾಕಿದ, ಮತ್ತೆ ಜಾಸ್ತಿಯಾಯಿತು. ಗಾಳಿ ಅಳೆದ, ಅಲೈನ್‌ಮೆಂಟ್ ನೋಡಿದ, ಕಾರಿನ ಕೆಳಗೆ ಮಲಗಿ ಸಿಕ್ಕಿದ್ದನ್ನೆಲ್ಲ ಅಲ್ಲಾಡಿಸಿದ. ಏನೂ ಸಡಿಲವಿರಲಿಲ್ಲ.

ಕೊನೆಗೆ ಚಕ್ರವೇ ಡೊಂಕಿರಬೇಕೆಂದು ಅನುಮಾನ ಬಂದು, ಚಕ್ರ ಮಾರಿದವನಿಗೆ ಫೋನ್ ಮಾಡಿದ. ನಾನು ಅಂಗಳದಲ್ಲೇ ಇದ್ದೆ. ಅವನ ಮುಖ ಕೆಂಪಾದದ್ದು ಕಂಡಿತು. ಫೋನನ್ನು ಕಟ್ ಮಾಡಿ ಬೆಂಚಿನ ಮೇಲೆ ಎಸೆದ.

"ಏನಂತೆ?"

"ಮರ್ಯಾದೆ ಇಲ್ಲದವನು. ನಾನು ಕಷ್ಟ ಹೇಳ್ಕೊಂಡ್ರೆ, ಬಳೆ ಹಾಕಿದ್ದೀರಾ ಅಂತ ಕೇಳ್ತಾನೆ. ನನಗೆ! ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದ ಕೈಗೆ!"

ನನಗೂ ಪಿತ್ತ ನೆತ್ತಿಗೇರಿತು. ಮಾರಿದವನ ಮೇಲೆ ಅರ್ಧ, ತಮ್ಮನ ಮೇಲೆ ಅರ್ಧ. "ಬಳೆ ಹಾಕ್ಕೊಂಡ್ರೆ ಏನಾಗುತ್ತಂತೆ? ಮೂರನೇ ವಯಸ್ಸಿಂದ ಐವತ್ತರವರೆಗೆ ಹಾಕ್ಕೊಂಡಿದ್ದೀನಿ. ನೀನು ನಡೆದು ಹೋಗೋಕೆ ಹೆದರೋ ಸಂದೀಲಿ ರಿವರ್ಸ್ ತೆಗೀತೀನಿ," ಎಂದೆ. ಅವನು ಆ ನಂಬರನ್ನೇ ಬ್ಲಾಕ್ ಮಾಡಿಬಿಟ್ಟ. ಚಕ್ರದ ಮಾತು ಅಲ್ಲಿಗೇ ನಿಂತುಹೋಯಿತು.

ಆ ಭಾನುವಾರ ಇನ್ನೊಮ್ಮೆ ನಾಲ್ಕೂ ಚಕ್ರ ಬಿಚ್ಚಿ, ಕೂರಿಸಿ, ಅವನೇ ಹೆದ್ದಾರಿಗೆ ಹೋಗಿಬಂದ. ಇಳಿದವನು ಕೀಲಿಕೈಯನ್ನು ನನ್ನ ಅಂಗೈಗೆ ಹಾಕಿ, "ನೂರರಲ್ಲಿ ಓಡಿಸಿದೆ. ಏನೂ ಇಲ್ಲ," ಎಂದ. ಆಸ್ಪತ್ರೆಗೆ ಹೋಗುವ ಕಾರು ಹೊಳೆಯಲಿ ಎಂದು ಚಕ್ರಗಳನ್ನು ಪುನಃ ಬಿಚ್ಚಿ ಸೋಪು ಹಾಕಿ ತೊಳೆದು, ಒರೆಸಿ, ಜೋಡಿಸಿದ. ಸೋಮವಾರ ಎಂಬತ್ತಕ್ಕೆ ಸ್ಟೇರಿಂಗ್ ಮತ್ತೆ ನಡುಗಿತು.

ಮನೆಗೆ ಬಂದು ಹೇಳಿದೆ. ಅವನು ನಕ್ಕ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಆಮೇಲೆ ನನ್ನ ಮುಖ ನೋಡಿ, ನಗು ನಿಲ್ಲಿಸಿ, ಮೆಲ್ಲಗೆ ಹೇಳಿದ: "ಅಕ್ಕ, ಕಾರಲ್ಲಿ ಏನೂ ಇಲ್ಲ. ಒಂದ್ಸಲ ಕೈ ತೋರಿಸ್ಕೊಂಡು ಬಾ."

ನಾನು ಬೈಯಲಿಲ್ಲ. ಬೈಯದೇ ಇದ್ದದ್ದಕ್ಕೇ ಅವನು ಹೆದರಿದ್ದಾನೆ ಎಂದು ನನಗೆ ಗೊತ್ತಾಯಿತು.

ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದ. ಐವತ್ತೊಂದಕ್ಕೆ ಅವನ ಬಲಗೈ ನಡುಗತೊಡಗಿತು. ಕೂದಲೆಳೆಯಂಥ ಸ್ಪ್ರಿಂಗನ್ನು ಇಕ್ಕಳದಲ್ಲಿ ಹಿಡಿದು ಕೂರಿಸುತ್ತಿದ್ದವನಿಗೆ ಒಂದೇ ವರ್ಷದಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಆಗದಾಯಿತು. ಯಾರಾದರೂ ಬಂದರೆ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಹೊಸ ಚಕ್ರ ಬಂದ ಎರಡನೇ ವಾರದಿಂದ ನಾನೂ ಮನೆಯಲ್ಲಿ ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳತೊಡಗಿದ್ದೆ. ನನಗೆ ಭಯವಾಗಿತ್ತು. ಆ ಭಯಕ್ಕೆ ಬೇರೆ ಹೆಸರಿಡಲು ಹೋಗುವುದಿಲ್ಲ.

ಮಂಗಳವಾರ ಸಂಜೆ ಅಮ್ಮ ಟೀ ಕೊಟ್ಟಳು. ಲೋಟದಲ್ಲಿ ಅರ್ಧಕ್ಕಿಂತ ಕೆಳಗೆ.

"ಏನಮ್ಮ ಇದು, ಔಷಧಿ ಕೊಟ್ಟ ಹಾಗೆ? ಹಾಲು ಮುಗೀತಾ?"

"ಬೇಕಾದ್ರೆ ಇನ್ನೊಂದ್ಸಲ ಹಾಕ್ತೀನಿ, ಕುಡಿ," ಎಂದು ಅಮ್ಮ ಅತ್ತ ತಿರುಗಿದಳು.

ಎರಡು ಗುಟುಕು ಕುಡಿದ ಮೇಲೆ ಹೊಳೆಯಿತು. ವಾರದಿಂದ ಅವಳು ನನಗೆ ಅರ್ಧ ಲೋಟವನ್ನೇ ಕೊಡುತ್ತಿದ್ದಳು. ಅಪ್ಪನಿಗೂ ಹೀಗೇ ಕೊಡುತ್ತಿದ್ದಳು, ಚೆಲ್ಲಿಕೊಂಡು ನಾಚಿಕೆಪಡದಿರಲಿ ಎಂದು.

ಬುಧವಾರ ಇನ್ನೊಂದು ಪೆಟ್ಟು ಬಿತ್ತು. ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಇರುವೆ ಹರಿದಂತಿದ್ದದ್ದನ್ನು ನರ್ಸು ನೋಡಿ, ವಾಹನ ನೋಡಿಕೊಳ್ಳುವ ಮೇಡಂಗೆ ಹೇಳಿದ್ದಳು. ಮೇಡಂ ಒಳ್ಳೆಯವರು, ಕುಳಿತುಕೊಳ್ಳಿ ಎಂದರು. ಕುಳಿತುಕೊಳ್ಳಿ ಎಂದಾಗಲೇ ಒಳ್ಳೆಯ ಸುದ್ದಿಯಲ್ಲ ಎಂದು ಗೊತ್ತಾಯಿತು.

"ಶುಕ್ರವಾರ ಡಾಕ್ಟರ್ ಹತ್ರ ಕೈ ತೋರಿಸಿ. ಆಮೇಲೆ ನಾನೇ ನಿಮ್ಮ ಕಾರಲ್ಲಿ ಒಂದು ಸುತ್ತು ಬರ್ತೀನಿ. ಬೇಜಾರು ಮಾಡ್ಕೋಬೇಡಿ. ಹಿಂದೆ ಕೂತಿರೋರು ರೋಗಿಗಳು, ಅಲ್ವಾ?"

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಇನ್ನಷ್ಟು ಸಂಕಟವಾಯಿತು. ತಪ್ಪಿದ್ದಿದ್ದರೆ ಜಗಳವಾಡಿ ಬರಬಹುದಿತ್ತು.

ಗುರುವಾರ ಬೆಳಿಗ್ಗೆ ಕಾರಿನಲ್ಲಿ ರೋಗಿ ಎಂದರೆ ಮೇಷ್ಟ್ರೊಬ್ಬರೇ. ನಿವೃತ್ತರಾಗಿ ಹತ್ತು ವರ್ಷವಾದರೂ ಅವರೊಳಗಿನ ಕೆಂಪು ಪೆನ್ನು ನಿವೃತ್ತವಾಗಿಲ್ಲ. ದಾರಿಯ ಬದಿಯ ಫಲಕಗಳ ಕಾಗುಣಿತ ತಿದ್ದುತ್ತಾ ಬರುತ್ತಾರೆ. ಅವತ್ತು ಮೂರು ತಪ್ಪು ಫಲಕ ದಾಟಿದರೂ ನಾನು ಹೂಂ ಎನ್ನಲಿಲ್ಲ.

"ಏನ್ ಡ್ರೈವರಮ್ಮ, ಇವತ್ತು ಲಾರಿಯವರಿಗೂ ಬೈತಿಲ್ಲ? ಮೈಯಲ್ಲಿ ಹುಷಾರಿಲ್ವಾ?"

ಎಂಬತ್ತು ಮುಟ್ಟಿತು. ಸ್ಟೇರಿಂಗ್ ನಡುಗಿತು. ನನಗೆ ತಡೆಯಲಾಗಲಿಲ್ಲ. ಚಕ್ರ, ಸೊನ್ನೆ, ತಮ್ಮ, ಅಪ್ಪನ ಕೈ, ಅರ್ಧ ಲೋಟ, ಶುಕ್ರವಾರ, ಎಲ್ಲವನ್ನೂ ಹೇಳಿಬಿಟ್ಟೆ. ಚಕ್ರ ಮಾರಿದವನ ಮೇಲಿನ ಸಿಟ್ಟನ್ನೂ ಕಕ್ಕಿದೆ. "ಸಹಾಯ ಕೇಳಿದ್ರೆ, ಬಳೆ ಹಾಕಿದ್ದೀರಾ ಅಂದನಂತೆ ಸರ್ ಆ ಪುಣ್ಯಾತ್ಮ."

"ತಡೀರಿ. ಹಾಕಿದ್ದೀರಾ ಅಂದನೋ, ಹಾಕ್ಕೊಂಡಿದ್ದೀರಾ ಅಂದನೋ?"

"ಎರಡೂ ಒಂದೇ ಅಲ್ವಾ ಸರ್."

ಕನ್ನಡಿಯಲ್ಲಿ ನೋಡಿದೆ. ಮೇಷ್ಟ್ರು ನೆಟ್ಟಗೆ ಕೂತಿದ್ದರು, ಮುಖದ ಊತವೇ ಇಳಿದಂತೆ ಕಂಡಿತು. "ಒಂದೇನಾ? ನಮ್ಮ ಮನೆಯವಳು ಅನ್ನ ಹಾಕಿದಳು, ಅನ್ನ ಹಾಕ್ಕೊಂಡಳು, ಎರಡೂ ಒಂದೇನಾ? ಮೊದಲನೇದ್ರಲ್ಲಿ ಹೊಟ್ಟೆ ತುಂಬೋದು ನನಗೆ, ಎರಡನೇದ್ರಲ್ಲಿ ಅವಳಿಗೆ. 'ಕೊಂಡು' ಬಂತು ಅಂದ್ರೆ ತನಗೆ. ಬರಲಿಲ್ಲ ಅಂದ್ರೆ ಇನ್ನೊಬ್ಬರಿಗೆ. ಆತ ಬೈಯೋ ಹಾಗಿದ್ರೆ ಹಾಕ್ಕೊಂಡಿದ್ದೀರಾ, ತೊಟ್ಕೊಂಡಿದ್ದೀರಾ ಅಂತಿದ್ದ. ಹಾಕಿದ್ದೀರಾ ಅಂದಿದ್ರೆ ಅದು ಬೈಗುಳ ಅಲ್ಲ ಡ್ರೈವರಮ್ಮ, ಪ್ರಶ್ನೆ."

"ಯಾವುದಕ್ಕೆ ಬಳೆ ಹಾಕೋದು ಸರ್?"

"ನನಗೇನು ಗೊತ್ತು? ನಾನು ವ್ಯಾಕರಣದ ಮೇಷ್ಟ್ರು. ಯಾವುದಕ್ಕೋ ಹಾಕಬೇಕಿತ್ತು, ನಿಮ್ಮ ತಮ್ಮ ಹಾಕಿಲ್ಲ."

ಅವರನ್ನು ಡಯಾಲಿಸಿಸ್ ಯಂತ್ರದ ಪಕ್ಕದ ಹಾಸಿಗೆಗೆ ಬಿಟ್ಟು, ಕಾರು ನಿಲ್ಲಿಸುವ ಜಾಗಕ್ಕೆ ಬಂದು ತಮ್ಮನಿಗೆ ಫೋನ್ ಮಾಡಿದೆ.

"ಆ ಮನುಷ್ಯ ಏನಂದ? ಅಂದಿದ್ದನ್ನ ಅಂದ ಹಾಗೇ ಹೇಳು. ಒಂದಕ್ಷರ ನುಂಗಬಾರದು, ಒಂದಕ್ಷರ ಸೇರಿಸಬಾರದು."

"ಬಳೆ ಹಾಕಿದ್ದೀರಾ ಅಂದ. ಎರಡು ಸಲ ಅಂದ. ಯಾಕೆ, ಗಾಯಕ್ಕೆ ಉಪ್ಪು ಹಾಕೋಕೆ ಫೋನ್ ಮಾಡಿದ್ಯಾ?"

"ನಂಬರ್ ಕೊಡು."

ಮಾರಿದವನು ಎರಡನೇ ರಿಂಗಿಗೇ ಎತ್ತಿಕೊಂಡ. ನಾನು ಯಾರ ಅಕ್ಕ ಎಂದು ಹೇಳಿದೊಡನೆ ಅವನೇ ಶುರುಮಾಡಿದ. "ಅಯ್ಯೋ ಅಮ್ಮ, ನಿಮ್ಮ ತಮ್ಮ ಎಂಥಾ ಮನುಷ್ಯ! ಮಾತು ಮುಗಿಯೋ ಮುಂಚೆ ಫೋನ್ ಇಟ್ಬಿಟ್ರು. ಆಮೇಲೆ ಎಷ್ಟು ಸಲ ಮಾಡಿದ್ರೂ ಹೋಗ್ತಾನೇ ಇಲ್ಲ. ಚಕ್ರಕ್ಕೆ ಬಳೆ ಹಾಕಿದ್ದೀರಾ ಅಂತ ಕೇಳಿದ್ದು ನಾನು!"

ಅವನು ಬಿಡಿಸಿ ಹೇಳಿದ. ಈ ಚಕ್ರವನ್ನು ಹತ್ತಾರು ಬಗೆಯ ಕಾರಿಗೆ ಆಗಲಿ ಎಂದು ಮಾಡಿರುತ್ತಾರೆ. ಅದಕ್ಕೆ ನಡುವಿನ ತೂತು ದೊಡ್ಡದು. ನನ್ನ ಕಾರಿನ ಕಡೆಯಿಂದ ಅದರೊಳಕ್ಕೆ ಬರುವ ಉಬ್ಬು ಸಣ್ಣದು. ಉಳಿಯುವ ಸಂದಿಗೆ ಒಂದು ಪ್ಲಾಸ್ಟಿಕ್ ರಿಂಗ್ ಕೂರಿಸಬೇಕು. ಅವರ ಅಂಗಡಿಯಲ್ಲಿ ಅದಕ್ಕೆ ಬಳೆ ಎನ್ನುತ್ತಾರೆ. ಅದಿಲ್ಲದಿದ್ದರೆ ಚಕ್ರ ಬರೀ ನಟ್ಟಿನ ಮೇಲೆ ನಿಂತು, ನಡುವಿನಿಂದ ಕೂದಲೆಳೆಯಷ್ಟು ಅತ್ತಿತ್ತ ಸರಿದು ಕೂರುತ್ತದೆ. ಎಂಬತ್ತರಲ್ಲಿ ಆ ಕೂದಲೆಳೆಯೇ ಸ್ಟೇರಿಂಗಿಗೆ ಹತ್ತುತ್ತದೆ.

"ಯಂತ್ರದಲ್ಲಿ ಸೊನ್ನೆ ತೋರಿಸ್ತಲ್ಲಪ್ಪ?"

"ಯಂತ್ರ ಚಕ್ರಾನ ನಟ್ಟನಡುವೆ ಹಿಡ್ಕೊಳ್ಳುತ್ತೆ. ಅದಕ್ಕೆ ಸೊನ್ನೆ. ನಿಮ್ಮ ಕಾರು ಹಂಗೆ ಹಿಡ್ಕೊಳ್ಳಲ್ಲ. ಒಂದ್ ಮಾತು ಹೇಳಿ, ಪ್ರತಿ ಸಲ ಬಿಚ್ಚಿ ಹಾಕಿದಾಗಲೂ ನಡುಕ ಬೇರೆ ಬೇರೆ ಥರ ಇತ್ತಾ? ಒಂದೊಂದು ಸಲ ಇರ್ತಾನೇ ಇರ್ಲಿಲ್ವಾ?"

ನಾನು ಕಾರಿಗೆ ಒರಗಿ ನಿಂತೆ. ಭಾನುವಾರ ತಮ್ಮ ಓಡಿಸಿದಾಗ ಚಕ್ರಗಳು ಅದೃಷ್ಟಕ್ಕೆ ನಡುವೆ ಕೂತಿದ್ದವು. ಆಮೇಲೆ ಪ್ರೀತಿಯಿಂದ ಬಿಚ್ಚಿ ಸೋಪು ಹಾಕಿ ತೊಳೆದನಲ್ಲ, ಅಲ್ಲಿ ಕೆಟ್ಟಿತ್ತು. ಕಾರಿನಲ್ಲಿ ಏನೂ ಇಲ್ಲ ಎಂದು ಅವನು ಹೇಳಿದ್ದೂ ನಿಜ, ನಡುಕ ಇದೆ ಎಂದು ನಾನು ಹೇಳಿದ್ದೂ ನಿಜ. ಇಷ್ಟಾದರೂ ಕೈಯ ಮೇಲಿನ ಅನುಮಾನ ಪೂರ್ತಿ ಹೋಗಲಿಲ್ಲ. ಮೂರು ವಾರ ಸಾಕಿದ ಭಯ ಒಂದು ಫೋನಿಗೆ ಬಿಟ್ಟುಹೋಗುತ್ತದೆಯೇ?

"ಆ ನಾಲ್ಕು ಬಳೆ ಡಬ್ಬದಲ್ಲೇ ಹಾಕಿ ಕಳಿಸಿದ್ದೆ ಅಮ್ಮ, ಕಪ್ಪು ಪ್ಲಾಸ್ಟಿಕ್ಕು," ಎಂದು ಅವನು ಫೋನ್ ಇಟ್ಟ.

ಮೇಷ್ಟ್ರನ್ನು ಮನೆಗೆ ಬಿಟ್ಟು ಶೆಡ್ಡಿಗೆ ಬಂದಾಗ ಬಿಸಿಲು ಇನ್ನೂ ಚುರುಕಾಗಿತ್ತು. ವಿಷಯ ಕೇಳಿ ತಮ್ಮನ ಮುಖ ಕರಿ ಹಿಡಿದ ಪಾತ್ರೆಯಂತಾಯಿತು. "ಹಿಂದೆ ಇದ್ದ ಗ್ಯಾರೇಜಲ್ಲಿ ಕಂಪನಿ ಚಕ್ರ ಬಿಟ್ಟು ಬೇರೆ ಮುಟ್ಟೇ ಇರ್ಲಿಲ್ಲ ಅಕ್ಕ, ಅವಕ್ಕೆ ಬಳೆ ಬೇಕಾಗಲ್ಲ," ಎಂದು ತೊದಲಿದ. ಚಕ್ರ ಬಂದಿದ್ದ ರಟ್ಟಿನ ಡಬ್ಬ ಹುಡುಕಿದೆವು. ಶೆಡ್ಡಿನ ಮೂಲೆಯಲ್ಲಿ ಇಲ್ಲ, ಬೆಂಚಿನ ಕೆಳಗೆ ಇಲ್ಲ, ಹಳೆ ಟೈರುಗಳ ಹಿಂದೆ ಇಲ್ಲ. ಕಸದ ಗಾಡಿಗೆ ಹೋಗಿರಬೇಕು ಎಂದು ಅವನು ತಲೆ ಮೇಲೆ ಕೈ ಹೊತ್ತ. ಹೊಸದು ತರಿಸಲು ಎರಡು ದಿನ ಬೇಕು, ಮರುದಿನವೇ ಶುಕ್ರವಾರ.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏನು ಹುಡುಕ್ತಿದ್ದೀರಾ ಇಬ್ಬರೂ?"

"ಬಳೆ ಅಮ್ಮ. ಕಪ್ಪು ಬಳೆ. ನಾಲ್ಕು," ಎಂದೆ.

"ಡಬ್ಬದಲ್ಲಿ ಇದ್ದವಾ? ಅವನ್ನ ನಾನು ಸೀಸೆಗೆ ಹಾಕಿದ್ದೀನಿ."

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಅದೇ. ಅಡುಗೆಮನೆಯ ಕಿಟಕಿಯಲ್ಲಿ ನಾಲ್ಕು ಖಾಲಿ ಟಾನಿಕ್ ಸೀಸೆ. ಒಂದೊಂದರಲ್ಲೂ ಬೇರು ಬರಲೆಂದು ನೀರಲ್ಲಿ ಇಳಿಬಿಟ್ಟ ಬಳ್ಳಿಯ ತುಂಡು. ಒಂದೊಂದರ ಬುಡಕ್ಕೂ ಅಳತೆ ಕೊಟ್ಟು ಮಾಡಿಸಿದಂತೆ ಒಂದು ಕಪ್ಪು ರಿಂಗು. ಆ ಕಿಟಕಿಯ ಮುಂದೆ ನಾನು ಮೂರು ವಾರದಿಂದ ಮುಖ ತೊಳೆದಿದ್ದೆ, ಒಂದು ವಾರದಿಂದ ಅರ್ಧ ಲೋಟ ಟೀ ಕುಡಿದಿದ್ದೆ.

"ಗಾಳಿ ಬಂದ್ರೆ ಸಾಕು, ಅಲ್ಲಾಡಿ ಅಲ್ಲಾಡಿ ಬಿದ್ದುಹೋಗ್ತಿದ್ವು. ಬಳೆ ಹಾಕಿದೆ, ಈಗ ಅಲ್ಲಾಡಲ್ಲ," ಎಂದಳು ಅಮ್ಮ. "ಯಾಕೆ, ನಿಮ್ಮ ಕಾರಿಗೂ ಬೇಕಾ?"

ತಮ್ಮ ನೆಲದ ಮೇಲೆ ಕೂತುಬಿಟ್ಟ. ಅವನು ನಕ್ಕನೋ ಅತ್ತನೋ ನನಗೆ ತಿಳಿಯಲಿಲ್ಲ. ಇಪ್ಪತ್ತು ವರ್ಷದ ಅನುಭವಕ್ಕೆ ಹೊಳೆಯದ್ದು ನಾಲ್ಕು ಟಾನಿಕ್ ಸೀಸೆ ಇಟ್ಟುಕೊಂಡ ಅಮ್ಮನಿಗೆ ಹೊಳೆದಿತ್ತು, ನಾವು ಕೇಳಿರಲಿಲ್ಲ ಅಷ್ಟೆ.

ಚಕ್ರ ಬಿಚ್ಚಿದ. ಉಬ್ಬಿನ ಸುತ್ತ ಕಟ್ಟಿದ್ದ ತುಕ್ಕನ್ನು ಬ್ರಷ್ ಹಾಕಿ ಉಜ್ಜಿದ. ಬಳೆಯನ್ನು ಒರೆಸಿ ಕೂರಿಸಿದಾಗ ಟಕ್ ಎಂದು ಸದ್ದಾಯಿತು. ಅದರ ಮೇಲೆ ಚಕ್ರ ಕೂರಿಸಿದರೆ, ನಟ್ಟು ಹಾಕುವ ಮೊದಲೇ ಕೈಬಿಟ್ಟರೂ ಅಲ್ಲಾಡದೆ ನಿಂತಿತು. ಕಾರು ಜಾಕಿನ ಮೇಲಿರುವಾಗಲೇ ಒಂದು ನಟ್ಟು ಬಿಟ್ಟು ಒಂದರಂತೆ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿದ. ನಾಲ್ಕನೆಯದು ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತಾ, ತಲೆ ಎತ್ತದೆ, "ನಿನ್ನ ಕೈ ಅಂದುಬಿಟ್ನಲ್ಲ ಅಕ್ಕ," ಎಂದ.

"ನಡಿ, ಹತ್ತು. ಅಳೋದಿದ್ರೆ ಹೆದ್ದಾರೀಲಿ ಅಳು," ಎಂದೆ.

ಎಪ್ಪತ್ತು. ಎಪ್ಪತ್ತೈದು. ನನ್ನ ಬೆರಳುಗಳು ಸ್ಟೇರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವು ಎಂದರೆ ಗೆಣ್ಣುಗಳು ಬಿಳಿಚಿದ್ದವು. ಎಂಬತ್ತು. ತಮ್ಮ ಡ್ಯಾಶ್‌ಬೋರ್ಡಿಗೆ ಅಂಗೈ ಒತ್ತಿದ. ಎಂಬತ್ತೈದು. ಏನೂ ಇಲ್ಲ. ಕೈಯನ್ನು ಒಂದೊಂದೇ ಬೆರಳಾಗಿ ಸಡಿಲಿಸಿದೆ. ಕೊನೆಗೆ ಎರಡೇ ಬೆರಳಲ್ಲಿ ಹಿಡಿದೆ. ತೊಂಬತ್ತರಲ್ಲಿ ಸ್ಟೇರಿಂಗ್ ನಿದ್ದೆ ಹತ್ತಿದ ಮಗುವಿನ ಹಾಗೆ ಸುಮ್ಮನಿತ್ತು. ಅಳು ಬಂದದ್ದು ಅವನಿಗಲ್ಲ, ನನಗೆ.

ಶುಕ್ರವಾರ ಡಾಕ್ಟರು ಎರಡೂ ಕೈ ಮುಂದಕ್ಕೆ ಚಾಚಲು ಹೇಳಿ, ಮೇಲೊಂದು ಹಾಳೆ ಇಟ್ಟು ನೋಡಿದರು. ಹಾಳೆ ಅಲುಗಲಿಲ್ಲ. "ಈ ಕೈಗೆ ಏನಾಗಿದೆ ಅಂತ ಕಳಿಸಿದ್ರು?" ಎಂದು ಕೇಳಿದರು. ಮೇಡಂ ಕಾರಿನಲ್ಲಿ ಒಂದು ಸುತ್ತು ಬಂದು, ಅರ್ಧ ದಾರಿಗೇ ಫೋನ್ ತೆಗೆದು ಬೇರೆ ಕೆಲಸದ ಮಾತಾಡತೊಡಗಿದರು. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಬೇಕೆಂದೇ ಕೆಳಗೊಂದು ನೆಟ್ಟನೆ ಗೆರೆ ಎಳೆದೆ. ನರ್ಸು ನೋಡಲಿ ಎಂದು. ಶನಿವಾರ ಬರುವ ದಾರಿಯಲ್ಲಿ ಮೇಷ್ಟ್ರು ಬಾಯಿ ತೆರೆದುಕೊಂಡು ಗೊರಕೆ ಹೊಡೆದರು. ಐದು ತಪ್ಪು ಫಲಕಗಳು ತಿದ್ದುವವರಿಲ್ಲದೆ ಹಿಂದೆ ಸರಿದವು.

ಅವತ್ತು ಸಂಜೆ ಮನೆಗೆ ಬಂದಾಗ ತಮ್ಮ ಅಂಗಡಿಯಲ್ಲಿ ಫೋನಿನಲ್ಲಿ ಯಾರಿಗೋ ಕ್ಷಮೆ ಕೇಳುತ್ತಿದ್ದ. ಯಾರಿಗೆಂದು ಕೇಳಬೇಕಾಗಿರಲಿಲ್ಲ. ಅಡುಗೆಮನೆಯಲ್ಲಿ ನಾಲ್ಕು ಸೀಸೆಗಳೂ ಗೋಡೆಗೆ ಒರಗಿ ನಿಂತಿದ್ದವು, ಬಳ್ಳಿಯ ತುಂಡುಗಳಿಗೆ ಬಿಳಿ ಬೇರು ಇಳಿದಿತ್ತು. ನಾನು ಕೂತು ಎರಡೂ ಕೈಗಳನ್ನು ಮಡಿಲಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಅಮ್ಮ ಅವನ್ನು ಸ್ವಲ್ಪ ಹೊತ್ತು ನೋಡಿದಳು. ಟೀ ಸೋಸಿದಳು. ಲೋಟ ಅರ್ಧ ತುಂಬಿತು. ಅವಳು ನಿಲ್ಲಿಸಲಿಲ್ಲ. ಮುಕ್ಕಾಲಾಯಿತು. ಅಂಚಿನವರೆಗೆ, ಇನ್ನೊಂದು ಹನಿ ಹಿಡಿಸದಷ್ಟು ತುಂಬಿ ನನ್ನ ಮುಂದೆ ಇಟ್ಟಳು.

ನಾನು ಲೋಟ ಎತ್ತಿದೆ. ಟೀ ಮಿಸುಕಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ತಮ್ಮ ಬಾಗಿಲಲ್ಲಿ ತಲೆ ಹಾಕಿ, "ಅಕ್ಕ, ಬಳೆ ಹಾಕಿದ್ದೀಯಾ?" ಎಂದ.

"ಹಾಕಿದ್ದೀನಿ ಕಣೋ, ನಾಲ್ಕಕ್ಕೂ. ಹಾಕ್ಕೊಂಡೂ ಇದ್ದೀನಿ," ಎಂದು ಹೇಳುವಷ್ಟರಲ್ಲಿ ನನಗೆ ನಗು ತಡೆಯಲಾಗದೆ ಟೀ ಚೆಲ್ಲಿ ಮೇಜೆಲ್ಲ ಒದ್ದೆಯಾಯಿತು. ಅಮ್ಮ ಬಟ್ಟೆ ತಂದು ಒರೆಸಿ, ಬೈಯುತ್ತಲೇ ಲೋಟವನ್ನು ಮತ್ತೆ ಅಂಚಿನವರೆಗೆ ತುಂಬಿಸಿದಳು.